82ರ ಅತ್ತೆ, 74ರ ಅಮ್ಮ, ಮೂರು ದಿನ ಮೈಸೂರು: ಎಲ್ಲಿಗೆ ಕರೆದುಕೊಂಡು ಹೋಗಲಿ?

ಕುವೆಂಪುನಗರದ_ಮಗಳು
ಸಂಕ್ರಾಂತಿ ಮುಗಿಸಿಕೊಂಡು ಮಂಡ್ಯದಿಂದ ನಮ್ಮ ಅತ್ತೆ ಬರುತ್ತಿದ್ದಾರೆ. ಅತ್ತೆ ಅಂದರೆ ಅಪ್ಪನ ಅಕ್ಕ. ಗಂಡನ ತಾಯಿ ಅಂದುಕೊಂಡು ಬೇರೆ ಥರದ ಸಲಹೆ ಕೊಡಬೇಡಿ.

ವಯಸ್ಸು 82. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಆಪರೇಷನ್ ಆಗಿದೆ. ಮನೆಯೊಳಗೆ ವಾಕರ್ ಹಿಡಿದು ಓಡಾಡುತ್ತಾರೆ. ಹೊರಗೆ ಐವತ್ತು ಹೆಜ್ಜೆಗೆ ಸುಸ್ತು. ಜೊತೆಗೆ ನಮ್ಮಮ್ಮ, 74. ಮಂಡಿನೋವು, ಶುಗರ್, ಗಂಟೆಗೊಂದು ಸಲ ಬಾತ್‌ರೂಮ್. ಇಬ್ಬರಿಗೂ ಕುಕ್ಕರುಗಾಲಲ್ಲಿ ಕೂರಲು ಆಗುವುದಿಲ್ಲ, ಕಮೋಡೇ ಬೇಕು.

ಬೀಳುವುದಕ್ಕೆ ಮುಂಚೆ ಒಂದು ಸಲ ಬಂದಿದ್ದಾಗ ನಾನು ಉತ್ಸಾಹದಲ್ಲಿ ಒಂದೇ ದಿನ ಅರಮನೆ, ಮೃಗಾಲಯ, ಬೆಟ್ಟ, ಕೆ.ಆರ್.ಎಸ್. ಎಲ್ಲ ತುರುಕಿದ್ದೆ. ರಾತ್ರಿ ಮನೆಗೆ ಬಂದಾಗ ಅತ್ತೆಯ ಕಾಲು ಊದಿ ಚಪ್ಪಲಿ ಕಳಚಲು ಬರಲಿಲ್ಲ. "ಚೆನ್ನಾಗಿತ್ತು ಕಣವ್ವ" ಅಂದರು. ಮಾರನೇ ದಿನ ಹಾಸಿಗೆಯಿಂದ ಏಳಲಿಲ್ಲ.

ಈ ಸಲ ಹಾಗಾಗಬಾರದು. ವೀಲ್‌ಚೇರ್ ಅಂತ ಬಾಯಿಬಿಟ್ಟರೆ "ನಾನೇನ್ ಹೆಣಾನಾ, ನೀವು ತಳ್ಕೊಂಡ್ ಹೋಗಕೆ?" ಅಂತಾರೆ. ಎಲ್ಲಿಗೆ ಹೋಗಬಹುದು, ಎಲ್ಲಿ ಕಷ್ಟ, ಸ್ವಂತ ಅನುಭವ ಇದ್ದವರು ಹೇಳಿ. "ಮನೆಯಲ್ಲೇ ಇರಿ" ಅನ್ನುವವರು ದಯವಿಟ್ಟು ಮುಂದಿನ ಚರ್ಚೆಗೆ ಹೋಗಿ.

ಮಂಡ್ಯದ_ಬೆಲ್ಲ
ಮನೆಯಲ್ಲೇ ಇರಿ.

(ತಮಾಷೆಗೆ ಅಕ್ಕ. ಹೊಡೀಬೇಡಿ.)

ಒಂಟಿಕೊಪ್ಪಲು_ಹುಡುಗ
ಮೃಗಾಲಯ. ಕಣ್ಣು ಮುಚ್ಚಿಕೊಂಡು ಹೋಗಿ. 157 ಎಕರೆ ಅಂತ ಹೆದರಬೇಡಿ, ದುಡ್ಡು ಕೊಟ್ಟರೆ ಬ್ಯಾಟರಿ ಗಾಡಿಯಲ್ಲಿ ಸುತ್ತಿಸುತ್ತಾರೆ. ನಡೆದರೆ ಮೂರು ಕಿಲೋಮೀಟರ್ ಆಗುತ್ತೆ, ಅದು ಇವರಿಗೆ ಬೇಡ. ಬೆಳಿಗ್ಗೆ ಬಾಗಿಲು ತೆಗೆಯುತ್ತಲೇ ಹೋಗಿ. ಹನ್ನೊಂದರ ಮೇಲೆ ಶಾಲೆ ಮಕ್ಕಳ ಬಸ್ಸುಗಳು ಬಂದರೆ ಮುಗೀತು. ಮಂಗಳವಾರ ರಜೆ, ಮರೀಬೇಡಿ.

ನಿವೃತ್ತ_ಮೇಷ್ಟ್ರು_ಸರಸ್ವತಿಪುರಂ
ನನಗೆ 76. ನಿಮ್ಮ ಅತ್ತೆಯ ಪಂಗಡದವನೇ ಅನ್ನಿ. ಪೂರ್ತಿ ಓದಿದೆ ತಾಯಿ. ಸೊಂಟ, ಮಂಡಿ, ಕಮೋಡು ಎಲ್ಲ ಬರೆದಿದ್ದೀರಿ. ಅವರಿಗೆ ಏನು ನೋಡಬೇಕು ಅಂತ ಆಸೆ ಇದೆ ಅನ್ನುವುದು ಮಾತ್ರ ಇಲ್ಲ. ಕೇಳಿದ್ದೀರಾ?

ನನ್ನ ಮಗನೂ ಹೀಗೇ. ಹೋದ ವರ್ಷ ಹುಟ್ಟುಹಬ್ಬಕ್ಕೆ ಅಂತ ಮಾಲ್‌ಗೆ ಕರೆದುಕೊಂಡು ಹೋಗಿ, ನಾಲ್ಕನೇ ಮಹಡಿಯಲ್ಲಿ ಗುಡುಗುಡು ಸದ್ದಿನ ನಡುವೆ ಕೂರಿಸಿ "ಹೇಗಿದೆ ಅಪ್ಪಾ" ಅಂದ. ಪಾರ್ಸೆಲ್ ಆದ ಹಾಗಿತ್ತು. ನನಗೆ ಬೇಕಾಗಿದ್ದದ್ದು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಂದು ಬೆಂಚು.

ಕುವೆಂಪುನಗರದ_ಮಗಳು
ಮೇಷ್ಟ್ರೇ, ಸಿಕ್ಕಿಬಿದ್ದೆ. ಕೇಳಿಲ್ಲ. ಇವತ್ತು ರಾತ್ರಿ ಫೋನ್ ಮಾಡುತ್ತೇನೆ.

ಬೋಗಾದಿ_ಬೈಕರ್
ಕೇಳಿದರೆ "ಎಲ್ಲಾದ್ರೂ ಸರಿ ಕಣಪ್ಪ" ಅಂತಾರೆ ಅಷ್ಟೇ. ಎಲ್ಲ ಅಜ್ಜಿಯರದೂ ಒಂದೇ ಡೈಲಾಗ್.

ನಿವೃತ್ತ_ಮೇಷ್ಟ್ರು_ಸರಸ್ವತಿಪುರಂ
ಎರಡನೇ ಸಲ ಕೇಳಿ. ಮೊದಲ ಉತ್ತರ ನಿಮಗೆ ತೊಂದರೆ ಆಗದಿರಲಿ ಅಂತ. ಎರಡನೆಯದು ನಿಜ.

ಫಿಸಿಯೋ_ಅಕ್ಕ
ಕೆಲಸದಲ್ಲಿ ದಿನಾ ಇಂಥವರನ್ನೇ ನೋಡುತ್ತೇನೆ. ಊರು ಸುತ್ತಿ ಬಂದು ಕಾಲು ಕೆಡಿಸಿಕೊಳ್ಳುವವರಿಗಿಂತ ನೀರು ಕುಡಿಯದೆ ಸುಸ್ತಾಗುವವರೇ ಜಾಸ್ತಿ. ಹೊರಗೆ ಬಾತ್‌ರೂಮ್ ಸಿಗಲ್ಲ ಅಂತ ಬೆಳಿಗ್ಗೆಯಿಂದಲೇ ನೀರು ಬಿಡುತ್ತಾರೆ. ಕೇಳಿದರೆ "ಬಾಯಾರಿಕೆ ಇಲ್ಲ" ಅಂತಾರೆ. ಮಧ್ಯಾಹ್ನ ತಲೆ ಸುತ್ತುತ್ತೆ, ಬೀಳುತ್ತಾರೆ. ಅದಕ್ಕೆ ಮೊದಲು ಬಾತ್‌ರೂಮ್ ಎಲ್ಲಿದೆ ಅಂತ ಗುರುತು ಮಾಡಿಕೊಂಡು ಅವರಿಗೆ ಬಾಯಿಬಿಟ್ಟು ಹೇಳಿ. ಜಾಗ ಗೊತ್ತಾದರೆ ತಾವಾಗೇ ಕುಡಿಯುತ್ತಾರೆ. ಬಿ.ಪಿ.ಗೆ ನೀರಿನ ಮಾತ್ರೆ (ಮೂತ್ರ ಹೆಚ್ಚು ಮಾಡುವಂಥದ್ದು) ತಗೊಳ್ಳುತ್ತಿದ್ದರೆ ಆ ದಿನದ ಹೊತ್ತು ಬದಲಿಸಬಹುದಾ ಅಂತ ಡಾಕ್ಟರನ್ನು ಕೇಳಿ, ನೀವಾಗಿ ನಿಲ್ಲಿಸಬೇಡಿ.

ಅಮ್ಮ ಕೋಲು ಹಿಡಿಯುತ್ತಾರಾ? ನೋವಿರುವ ಮಂಡಿಯ ಕಡೆ ಅಲ್ಲ, ಎದುರು ಕೈಯಲ್ಲಿ ಹಿಡಿಯಬೇಕು. ನೂರಕ್ಕೆ ತೊಂಬತ್ತು ಜನ ತಪ್ಪು ಕೈಯಲ್ಲೇ ಹಿಡಿದು ಬರುತ್ತಾರೆ. (ಲೆಕ್ಕ ಮಾಡಿಲ್ಲ, ಹೊಟ್ಟೆಯುರಿಗೆ ಹೇಳಿದೆ.) ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಕೋಲಿನ ತುದಿಯ ರಬ್ಬರ್ ತಿರುಗಿಸಿ ನೋಡಿ. ಸವೆದು ನುಣ್ಣಗಾಗಿದ್ದರೆ ಮೆಡಿಕಲ್ ಸಾಮಾನಿನ ಅಂಗಡಿಯಲ್ಲಿ ಹೊಸದು ಹಾಕಿಸಿ. ಅರಮನೆಯ ನುಣುಪು ನೆಲದಲ್ಲಿ ಸವೆದ ರಬ್ಬರ್ ಅಂದರೆ ಸಾಬೂನಿದ್ದ ಹಾಗೆ.

ಇನ್ನು ವೀಲ್‌ಚೇರ್. ಒಪ್ಪಿಸಲೇಬೇಕು. ಐವತ್ತು ಹೆಜ್ಜೆಗೆ ಸುಸ್ತಾಗುವವರಿಗೆ ಬೇರೆ ದಾರಿ ಇಲ್ಲ.

ಬೆಂಗಳೂರಿಂದ_ವಾಪಸ್_ಬಂದ_ಸೊಸೆ
ನಮ್ಮ ಮಾವನೂ ಹೀಗೇ ಹಠ. ನಾನು ಏನು ಮಾಡಿದೆ ಗೊತ್ತಾ? ಹಗುರದ ಮಡಚುವ ವೀಲ್‌ಚೇರ್ ಬಾಡಿಗೆಗೆ ತಂದು, ಅದರ ಮೇಲೆ ನೀರಿನ ಬಾಟಲಿ, ತಿಂಡಿ ಡಬ್ಬ, ಶಾಲು ಎಲ್ಲ ಇಟ್ಟೆ. "ಮಾವ, ಬ್ಯಾಗ್ ಭಾರ, ಇದನ್ನು ಸ್ವಲ್ಪ ತಳ್ಳಿ" ಅಂದೆ. ಅವರೇ ತಳ್ಳಿದರು. ವಾಕರ್ ಥರ ಆಸರೆ ಸಿಕ್ಕಿತು. ಹತ್ತು ನಿಮಿಷ ಆದಮೇಲೆ ಬ್ಯಾಗ್ ತೆಗೆದು "ಒಂದು ಘಳಿಗೆ ಕೂತ್ಕೋತೀನಿ" ಅಂದರು. ಆಮೇಲೆ ಸಂಜೆವರೆಗೂ ಏಳಲಿಲ್ಲ!

ನಿವೃತ್ತ_ಮೇಷ್ಟ್ರು_ಸರಸ್ವತಿಪುರಂ
ಇದು ಮಕ್ಕಳಿಗೆ ಔಷಧಿಯನ್ನು ಬೆಲ್ಲದಲ್ಲಿಟ್ಟು ಕೊಟ್ಟ ಹಾಗಾಯಿತು. ನೇರವಾಗಿ ಹೇಳಿದರೆ ನಮಗೆ ಅರ್ಥವಾಗಲ್ವಾ?

ಬೆಂಗಳೂರಿಂದ_ವಾಪಸ್_ಬಂದ_ಸೊಸೆ
ಸರ್, ನೇರವಾಗಿ ಎರಡು ವರ್ಷ ಹೇಳಿದ್ದೆ.

ಫಿಸಿಯೋ_ಅಕ್ಕ
ಒಂದು ಎಚ್ಚರಿಕೆ. ತಳ್ಳುವಾಗ ವೀಲ್‌ಚೇರ್ ಓಡಿಬಿಡುತ್ತೆ, ವಾಕರ್ ಥರ ನಿಲ್ಲಲ್ಲ. ಪಕ್ಕದಲ್ಲಿ ಒಬ್ಬರು ಕೈ ಇಟ್ಟುಕೊಂಡೇ ಇರಿ. ಇಳಿಜಾರಿನಲ್ಲಿ ಈ ಆಟ ಬೇಡವೇ ಬೇಡ. ಕೂರುವ ಮುಂಚೆ ಬ್ರೇಕ್ ಹಾಕಿ, ಕಾಲಿಡುವ ಪಟ್ಟಿ ಮೇಲಕ್ಕೆ ಮಡಚಿ.

ಸಿವಿಲ್_ಇಂಜಿನಿಯರ್_ವಿಜಯನಗರ
ಇಳಿಜಾರು ಅಂದಿರಿ, ನನ್ನ ನೋವು ಕೆದಕಿದಿರಿ. ರ‍್ಯಾಂಪ್‌ಗೆ ಲೆಕ್ಕ ಇದೆ: ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ನಮ್ಮವರು ಮೂರು ಮೆಟ್ಟಿಲ ಮೇಲೆ ಒಂದು ಗಾಡಿ ಸಿಮೆಂಟ್ ಸುರಿದು "ರ‍್ಯಾಂಪ್ ಇದೆ" ಅಂತ ಬೋರ್ಡ್ ಹಾಕುತ್ತಾರೆ. ಅದು ಬೈಕ್ ಹತ್ತಿಸೋಕೆ. ಅಂಗವಿಕಲರೂ ಓಡಾಡುವ ಹಾಗೆ ಕಟ್ಟಡ ಇರಲಿ ಅಂತ ಸುಗಮ್ಯ ಭಾರತ ಅಭಿಯಾನ 2015ರಲ್ಲಿ ಶುರುವಾಯಿತು, ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದು. ಹೋದ ತಿಂಗಳು ಒಂದು ಛತ್ರದಲ್ಲಿ ರ‍್ಯಾಂಪ್ ನಿಜವಾಗಿಯೂ ಚೆನ್ನಾಗಿತ್ತು. ಕೆಳತುದಿಯಲ್ಲಿ ಐಸ್‌ಕ್ರೀಂ ಕೌಂಟರ್ ಇಟ್ಟಿದ್ದರು.

ಮಂಡ್ಯದ_ಬೆಲ್ಲ
ಯಾವ ಫ್ಲೇವರ್?

ಅಗ್ರಹಾರದ_ಅನು
ಅರಮನೆ ಬಗ್ಗೆ ಯಾರೂ ಹೇಳಲಿಲ್ಲ. ಹೋದ ಮಾರ್ಚ್‌ನಲ್ಲಿ ನಮ್ಮ ದೊಡ್ಡಮ್ಮನ ಜೊತೆ ಹೋಗಿದ್ದೆ. ಚಪ್ಪಲಿ ಹೊರಗೇ ಬಿಡಬೇಕು, ಅದೇ ದೊಡ್ಡ ವಿಷಯ. ಶುಗರ್ ಇರುವವರಿಗೆ ಪಾದದಲ್ಲಿ ಸ್ಪರ್ಶ ಕಡಿಮೆ, ಕಾದ ಕಲ್ಲು ಸುಟ್ಟಿದ್ದೂ ಗೊತ್ತಾಗಲ್ಲ. ದೊಡ್ಡಮ್ಮನಿಗೆ ದಪ್ಪ ಕಾಲುಚೀಲ ಹಾಕಿಸಿದ್ದೆ, ಅಡಿಯಲ್ಲಿ ರಬ್ಬರ್ ಚುಕ್ಕೆ ಇರುವಂಥದ್ದು. ಬರಿಯ ನೈಲಾನ್ ಆದರೆ ಒಳಗೆ ಜಾರುತ್ತೆ.

ಗೊಂಬೆ ತೊಟ್ಟಿ, ಕಲ್ಯಾಣ ಮಂಟಪ ಕೆಳಗೇ ಇವೆ. ಕಲ್ಯಾಣ ಮಂಟಪದ ನವಿಲಿನ ಬಣ್ಣದ ಗಾಜಿನ ಚಾವಣಿ, ಗೋಡೆಯ ಮೇಲೆ ದಸರಾ ಮೆರವಣಿಗೆಯ ಚಿತ್ರಗಳು, ಇಷ್ಟಕ್ಕೇ ಒಂದು ಗಂಟೆ ಬೇಕು. ದರ್ಬಾರ್ ಹಾಲ್ ಮೇಲಿದೆ, ಅದಕ್ಕೆ ಮೆಟ್ಟಿಲು. ನಾವು ಮೇಲೆ ಹೋಗಲೇ ಇಲ್ಲ. ದೊಡ್ಡಮ್ಮ ಚಿತ್ರದಲ್ಲಿರುವ ಕುದುರೆಗಳನ್ನು ಎಣಿಸುತ್ತಾ ನಿಂತಿದ್ದರು.

ಒಂಟಿಕೊಪ್ಪಲು_ಹುಡುಗ
ಒಳಗೆ ಹೋಗೋದೇ ಬೇಡ ಅಂದರೆ ಭಾನುವಾರ ಸಂಜೆ ದೀಪ. ಲಕ್ಷಕ್ಕೆ ಹತ್ತಿರ ಬಲ್ಬು. ಎಲ್ಲ ಒಟ್ಟಿಗೆ ಹತ್ತಿಕೊಳ್ಳುವ ಆ ಒಂದು ಕ್ಷಣ ಕಾರಲ್ಲಿ ಕೂತೇ ನೋಡಬಹುದು.

ಅಗ್ರಹಾರದ_ಅನು
ಕಾರಲ್ಲಿ ಕೂತು? ಭಾನುವಾರ ಸಂಜೆ ಅರಮನೆ ಸುತ್ತ? ನೀವು ಯಾವ ಮೈಸೂರಿನಲ್ಲಿದ್ದೀರಿ?

ಆಟೋ_ಅಣ್ಣ_ಕೆ.ಆರ್.ಮೊಹಲ್ಲಾ
ಆರೂಕಾಲಿಗೆ ಬಂದು ಜಾಗ ಹಿಡಿದರೆ ಆಗುತ್ತೆ. ಏಳಕ್ಕೆ ಬಂದರೆ ಆಗಲ್ಲ. ನಾನು ದಿನಾ ನೋಡ್ತೀನಿ.

ಇನ್ನೊಂದು ವಿಷಯ ಮೇಡಂ. ವಯಸ್ಸಾದವರನ್ನು ಆಟೋಗೆ ಹತ್ತಿಸುವಾಗ ರಸ್ತೆ ಮಧ್ಯೆ ನಿಲ್ಲಿಸಬೇಡಿ ಅಂತ ಡ್ರೈವರ್‌ಗೆ ಹೇಳಿ. ಎಡಗಡೆ ಫುಟ್‌ಪಾತ್‌ಗೆ ಒತ್ತಿ ನಿಲ್ಲಿಸಿದರೆ ಹತ್ತುವ ಎತ್ತರ ಅರ್ಧ ಆಗುತ್ತೆ. ಮೊದಲು ತಿರುಗಿ ಕೂರಬೇಕು, ಆಮೇಲೆ ಕಾಲು ಒಳಗೆ. ತಲೆ ಬಗ್ಗಿಸಿಕೊಂಡು ನುಗ್ಗಿದರೆ ಮಂಡಿ ಸಿಕ್ಕಿಹಾಕಿಕೊಳ್ಳುತ್ತೆ. ನಮ್ಮ ಅವ್ವನ್ನ ದಿನಾ ಹೀಗೇ ಹತ್ತಿಸೋದು.

ಫಿಸಿಯೋ_ಅಕ್ಕ
ಅಣ್ಣ, ನೀವು ಬಂದು ನಮ್ಮ ಹುಡುಗರಿಗೆ ಕ್ಲಾಸ್ ತಗೊಳ್ಳಿ. ಕಾರಿಗೂ ಇದೇ ಕ್ರಮ.

ಬೋಗಾದಿ_ಬೈಕರ್
ಆಟೋ ಯಾಕೆ, ಶಾ ಪಸಂದ್ ಟಾಂಗಾದಲ್ಲಿ ಕರೆದುಕೊಂಡು ಹೋಗಿ. ರಾಯಲ್ ಆಗಿರುತ್ತೆ.

ಆಟೋ_ಅಣ್ಣ_ಕೆ.ಆರ್.ಮೊಹಲ್ಲಾ
82ರವರನ್ನು ಟಾಂಗಾಗೆ ಹತ್ತಿಸೋಕೆ ಇಬ್ಬರು ಕೆಳಗೆ, ಒಬ್ಬರು ಮೇಲೆ ಬೇಕು. ಕುದುರೆ ಒಂದು ಹೆಜ್ಜೆ ಮುಂದೆ ಇಟ್ಟರೆ ಮುಗೀತು.

ಜಯಲಕ್ಷ್ಮೀಪುರಂ_ಜಗ್ಗಿ
ಜಗನ್ಮೋಹನ ಅರಮನೆ ಬಿಟ್ಟುಬಿಟ್ಟಿರಲ್ಲ. 1861ರ ಕಟ್ಟಡ. ರವಿವರ್ಮನ ಆ ದೀಪ ಹಿಡಿದ ಹೆಂಗಸಿನ ಚಿತ್ರ ನೋಡಲಿಕ್ಕಾದರೂ ಹೋಗಬೇಕು.

ಅಗ್ರಹಾರದ_ಅನು
ಅದು ರವಿವರ್ಮನದಲ್ಲ! ಎಸ್.ಎಲ್. ಹಲ್ದಣಕರ್ ಅವರದು. ಅರ್ಧ ಮೈಸೂರು ಇದೇ ತಪ್ಪು ಹೇಳುತ್ತೆ. ಚಿತ್ರದಲ್ಲಿರುವುದು ಅವರ ಮಗಳು ಗೀತಾ. ಅವರು 102 ವರ್ಷ ಬದುಕಿ 2018ರಲ್ಲಿ ತೀರಿಕೊಂಡರು.

ಜಯಲಕ್ಷ್ಮೀಪುರಂ_ಜಗ್ಗಿ
ನಲವತ್ತು ವರ್ಷದಿಂದ ಬಂದ ನೆಂಟರಿಗೆಲ್ಲ ರವಿವರ್ಮ ಅಂತ ಹೇಳಿದ್ದೇನಲ್ಲಪ್ಪಾ. ಯಾರ‍್ಯಾರಿಗೆ ಫೋನ್ ಮಾಡಲಿ ಈಗ.

ಸಿವಿಲ್_ಇಂಜಿನಿಯರ್_ವಿಜಯನಗರ
ಯಾರದೇ ಆಗಲಿ, ಅಲ್ಲಿ ಮಹಡಿಗೆ ಮೆಟ್ಟಿಲು. ಇವರಿಗೆ ಆಗಲ್ಲ. ರೈಲ್ವೆ ಮ್ಯೂಸಿಯಂ ಹಾಕಿಕೊಳ್ಳಿ. ಬಹಳ ಮಟ್ಟಿಗೆ ಸಮತಟ್ಟು ಜಾಗ, ಚಿಕ್ಕದು, ಮರದ ನೆರಳು. ಉಗಿಬಂಡಿ, ಮಹಾರಾಣಿಯವರ ಸಲೂನ್ ಬೋಗಿ. ಮೀಟರ್ ಗೇಜ್ ಕಾಲದಲ್ಲಿ ಮಂಡ್ಯದಿಂದ ರೈಲಲ್ಲಿ ಬಂದವರಿಗೆ ಅದು ಮ್ಯೂಸಿಯಂ ಅಲ್ಲ, ಹಳೆ ಪರಿಚಯ. ನಮ್ಮಜ್ಜಿ ಇಂಜಿನ್ ನೋಡಿ "ಇದರ ಕೆಂಡದ ಕಿಡಿ ಬಿದ್ದು ನನ್ನ ಸೀರೆ ತೂತಾಗಿತ್ತು" ಅಂದರು. ಇದೇ ಇಂಜಿನ್ ಅನ್ನೋದಕ್ಕೆ ಸಾಕ್ಷಿ ಕೇಳಲು ಧೈರ್ಯ ಬರಲಿಲ್ಲ.

ಪಾಲಹಳ್ಳಿ_ಪುಟ್ಟ
ಕೆ.ಆರ್.ಎಸ್. ಬೃಂದಾವನ?

ಫಿಸಿಯೋ_ಅಕ್ಕ
ಬೇಡ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟ ಅದು. ಸಂಗೀತ ಕಾರಂಜಿ ಇರುವುದು ಆ ತುದಿಯಲ್ಲಿ. ಅಷ್ಟು ದೂರ ನಡೆದು, ಕತ್ತಲಲ್ಲಿ ಗುಂಪಿನ ಜೊತೆ ವಾಪಸ್ ನಡೆಯಬೇಕು. ಕತ್ತಲು, ಗುಂಪು, ಮೆಟ್ಟಿಲು ಮೂರೂ ಒಟ್ಟಿಗೆ ಬೇಡ.

ಪಾಲಹಳ್ಳಿ_ಪುಟ್ಟ
ನಮ್ಮೂರ ಪಕ್ಕದ್ದು ಅಂತ ಹೇಳಿದೆ. ಸರಿ ಬಿಡಿ. ಹಾಗಾದರೆ ರಂಗನತಿಟ್ಟು. ಜನವರಿಯಲ್ಲಿ ನದಿ ಶಾಂತವಾಗಿರುತ್ತೆ. ಮಳೆಗಾಲದಲ್ಲಿ ಕಟ್ಟೆಯಿಂದ ನೀರು ಜಾಸ್ತಿ ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ, ಈಗ ಆ ಗೋಳಿಲ್ಲ. ಬಂಡೆ ಮೇಲೆ ಬಾಯಿ ತೆರೆದುಕೊಂಡು ಮಲಗಿದ ಮೊಸಳೆ ಅಷ್ಟು ಹತ್ತಿರದಿಂದ ಬೇರೆಲ್ಲೂ ಕಾಣಲ್ಲ. ದೋಣಿಗೆ ಕಾಲಿಡುವುದೊಂದೇ ಕಷ್ಟ. ದಡ ಅಲ್ಲಾಡಲ್ಲ, ದೋಣಿ ಅಲ್ಲಾಡುತ್ತೆ. ಅತ್ತೆಗೆ ಬೇಡ ಅಂದರೆ ದಡದಲ್ಲೇ ಕೂತರೂ ಹಕ್ಕಿ ಕಾಣುತ್ತವೆ.

ಒಂಟಿಕೊಪ್ಪಲು_ಹುಡುಗ
ಮೈಸೂರಿನ ಹೆಮ್ಮೆ ಕೆ.ಆರ್.ಎಸ್.ಗೆ ಬೇಡ ಅಂದರಲ್ಲ ಅಂತ ನನಗೂ ಬೇಜಾರು.

ಮಂಡ್ಯದ_ಬೆಲ್ಲ
ಏನು, ಮೈಸೂರಿನದಾ? ಕೆ.ಆರ್.ಎಸ್. ಮಂಡ್ಯ ಜಿಲ್ಲೆ. ರಂಗನತಿಟ್ಟು ಮಂಡ್ಯ ಜಿಲ್ಲೆ. ಶ್ರೀರಂಗಪಟ್ಟಣ ಮಂಡ್ಯ ಜಿಲ್ಲೆ. ನಮ್ಮದನ್ನೆಲ್ಲ ತೋರಿಸಿ ನೀವು ಪ್ರವಾಸಿ ನಗರ ಅಂತ ಹೆಸರು ಮಾಡಿಕೊಂಡಿದ್ದೀರಿ.

ಒಂಟಿಕೊಪ್ಪಲು_ಹುಡುಗ
ಮದ್ದೂರು ವಡೆ ಒಂದನ್ನು ನಿಮಗೇ ಬಿಟ್ಟಿದ್ದೇವಲ್ಲ.

ಮಂಡ್ಯದ_ಬೆಲ್ಲ
ಇರಲಿ. ಅಕ್ಕ, ನಿಜವಾದ ಸಲಹೆ ಹೇಳುತ್ತೇನೆ ಕೇಳಿ. ಅತ್ತೆಯನ್ನು ವಾಪಸ್ ಬಿಡುವ ದಿನ ಮಂಡ್ಯ ದಾಟಿ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹೋಗಿ. ಅಲ್ಲಿ ಹಕ್ಕಿಗಳು ಕಾಡಿನಲ್ಲಿಲ್ಲ, ಊರ ಮಧ್ಯೆ ಇವೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ. ಮನೆ ಪಕ್ಕದ ಹುಣಸೆ ಮರದಲ್ಲೇ ಗೂಡು. ಕಾರು ನಿಲ್ಲಿಸಿ ಕಿಟಕಿ ಇಳಿಸಿದರೆ ಸಾಕು, ಇಳಿಯುವುದೇ ಬೇಡ. ಊರವರು ಅವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಾರೆ. ಮರದ ಕೆಳಗೆ ಮಾತ್ರ ನಿಲ್ಲಿಸಬೇಡಿ. ನನ್ನ ಬಿಳಿ ಕಾರು ಇನ್ನೂ ಬಿಳಿ ಆಯಿತು.

ಕುವೆಂಪುನಗರದ_ಮಗಳು
ಇದು ಅತ್ತೆಗೆ ಹೇಳಿ ಮಾಡಿಸಿದ ಹಾಗಿದೆ. ಥ್ಯಾಂಕ್ಸ್ ಬೆಲ್ಲ ಅವರೇ. "ಮನೆಯಲ್ಲೇ ಇರಿ" ಅಂದಿದ್ದನ್ನು ಮನ್ನಿಸಿದ್ದೇನೆ.

ಹೊಸಬ_ಹುಣಸೂರು
ದೇವಸ್ಥಾನ ಯಾರೂ ಹೇಳಲಿಲ್ಲ. ನಂಜನಗೂಡು? ಚಾಮುಂಡಿ ಬೆಟ್ಟ?

ನಿವೃತ್ತ_ಮೇಷ್ಟ್ರು_ಸರಸ್ವತಿಪುರಂ
ಬೆಟ್ಟಕ್ಕೆ ಸಾವಿರ ಮೆಟ್ಟಿಲು ಅಂತ ಹೆದರಬೇಕಿಲ್ಲ, ಮೇಲಿನವರೆಗೂ ರಸ್ತೆ ಇದೆ, ಸಿಟಿ ಬಸ್ಸೂ ಹೋಗುತ್ತೆ. ಹೆಂಗಸರಿಗೆ 2023ರಿಂದ ಬಸ್ ಉಚಿತ, ನಾನು ಮಾತ್ರ ಟಿಕೆಟ್ ತಗೋಬೇಕು. ನಮ್ಮಾಕೆ ಪ್ರತಿ ಸಲ ನೆನಪಿಸುತ್ತಾಳೆ. ಆಷಾಢ ಶುಕ್ರವಾರ ಬಿಟ್ಟು ಬೇರೆ ಯಾವ ದಿನವಾದರೂ ಬೆಳಿಗ್ಗೆ ಬೇಗ ಹೋಗಿ.

ಮುಜರಾಯಿ ಇಲಾಖೆಯ ದೇವಸ್ಥಾನಗಳಲ್ಲಿ 65 ದಾಟಿದವರು ಸಾಲಿನಲ್ಲಿ ನಿಲ್ಲಬೇಕಿಲ್ಲ, ನೇರ ದರ್ಶನಕ್ಕೆ ಬಿಡಬೇಕು ಅಂತ 2023ರಲ್ಲೇ ಆದೇಶ ಆಗಿದೆ. ಆಧಾರ್ ಜೊತೆಗಿರಲಿ. ತಾವಾಗಿ ಕರೆಯಲ್ಲ, ಕೇಳಬೇಕು. ಒಂದು ಕಡೆ ನಾನು ಕೇಳಿದಾಗ "ನೋಡಿದರೆ ಅಷ್ಟು ವಯಸ್ಸು ಅನಿಸಲ್ಲ" ಅಂದರು. ಕೋಪ ಬರಬೇಕೋ ಖುಷಿಪಡಬೇಕೋ ತಿಳಿಯಲಿಲ್ಲ.

ಜಯಲಕ್ಷ್ಮೀಪುರಂ_ಜಗ್ಗಿ
ತಿಂಡಿ ವಿಷಯ? ನಜರ್‌ಬಾದಿನ ಮೈಲಾರಿ ದೋಸೆ ತಿನ್ನಿಸದೆ ಕಳಿಸಬೇಡಿ.

ಬೋಗಾದಿ_ಬೈಕರ್
ಯಾವ ಮೈಲಾರಿ? ಎರಡಿವೆ. ಒರಿಜಿನಲ್ ಯಾವುದು ಹೇಳಿ ನೋಡೋಣ.

ಜಯಲಕ್ಷ್ಮೀಪುರಂ_ಜಗ್ಗಿ
ಇದಕ್ಕೆ ಉತ್ತರ ಇದೆ, ಆದರೆ

ನಿರ್ವಾಹಕ
ಮೈಲಾರಿ ಚರ್ಚೆಗೆ ಬೇರೆ ಎಳೆ ಇದೆ. ಅದು ನಾಲ್ಕು ವರ್ಷದಿಂದ ನಡೆಯುತ್ತಿದೆ. ಅಲ್ಲಿಗೆ ಹೋಗಿ.

ಬೆಂಗಳೂರಿಂದ_ವಾಪಸ್_ಬಂದ_ಸೊಸೆ
ಯಾವುದೇ ಹೋಟೆಲ್ ಆಗಲಿ, ನಿಂತು ತಿನ್ನುವ ದರ್ಶಿನಿ ಬೇಡ. ಬಾಗಿಲಲ್ಲಿ ಮೆಟ್ಟಿಲಿದೆಯಾ, ಕೈ ತೊಳೆಯುವ ಜಾಗ ಎಲ್ಲಿದೆ, ಬಾತ್‌ರೂಮ್ ಯಾವ ಮಹಡಿ, ಮೂರನ್ನೂ ಮೊದಲೇ ಒಬ್ಬರು ಹೋಗಿ ನೋಡಿ ಬನ್ನಿ. ಒಂದು ಹೋಟೆಲ್‌ನಲ್ಲಿ ಫೋನ್ ಮಾಡಿ ಕೇಳಿದ್ದಕ್ಕೆ "ಲಿಫ್ಟ್ ಇದೆ ಮೇಡಂ" ಅಂದರು. ಇತ್ತು. ಅದಕ್ಕೆ ಹತ್ತಲು ನಾಲ್ಕು ಮೆಟ್ಟಿಲು.

ಕುವೆಂಪುನಗರದ_ಮಗಳು
ಫೋನ್ ಮಾಡಿದೆ. ಮೊದಲ ಸಲ "ಎಲ್ಲಾದ್ರೂ ಸರಿ". ಮೇಷ್ಟ್ರು ಹೇಳಿದ ಹಾಗೆ ಎರಡನೇ ಸಲ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅತ್ತೆ ಹೇಳಿದ್ದು: ದೇವರಾಜ ಮಾರುಕಟ್ಟೆ! ಹೂವು, ವೀಳ್ಯದೆಲೆ ತಾವೇ ಕೊಳ್ಳಬೇಕಂತೆ. "ಎರಡು ವರ್ಷದಿಂದ ನೀವು ತಂದಿದ್ದೇ ಮುಡೀತಿದೀನಿ. ನಾನೇ ಚೌಕಾಸಿ ಮಾಡಿ ತರಬೇಕು" ಅಂದರು.

ಈಗ ಏನು ಮಾಡಲಿ? ಆ ನೂಕುನುಗ್ಗಲಿನಲ್ಲಿ, ಆ ಒದ್ದೆ ನೆಲದಲ್ಲಿ?

ನಿವೃತ್ತ_ಮೇಷ್ಟ್ರು_ಸರಸ್ವತಿಪುರಂ
ಹೇಳಿದ್ನಾ.

ಫಿಸಿಯೋ_ಅಕ್ಕ
ನನಗೆ ಹೆದರಿಕೆ ಆಗುತ್ತಿದೆ, ಆದರೂ ಹೋಗಿ.

ಅಗ್ರಹಾರದ_ಅನು
ಬೆಳಿಗ್ಗೆ ಏಳೂವರೆ ಎಂಟರೊಳಗೆ ಮುಗಿಸಿ. ಕೊಳ್ಳುವ ಜನ ಕಡಿಮೆ, ಹೂವು ಹೊಸದು. ಹೂವಿನ ಸಾಲು, ಎಲೆ ಅಂಗಡಿ ಎರಡೇ ಗುರಿ ಇಟ್ಟುಕೊಳ್ಳಿ, ತರಕಾರಿ ಕಡೆ ತಿರುಗಬೇಡಿ, ಕೊಳೆತ ಸೊಪ್ಪಿಗೆ ಕಾಲು ಜಾರುತ್ತೆ. ಒಬ್ಬರು ಮುಂದೆ ನಡೆದು ದಾರಿ ಬಿಡಿಸಬೇಕು, ಒಬ್ಬರು ಹಿಂದೆ. ಜನವರಿಯಲ್ಲಿ ಮೈಸೂರು ಮಲ್ಲಿಗೆ ಸಿಗುವುದು ಕಷ್ಟ ಅಂತ ಮೊದಲೇ ಹೇಳಿಬಿಡಿ, ಅದರ ಕಾಲ ಬೇಸಿಗೆ. ಸೇವಂತಿಗೆ, ಕಾಕಡ ಸಿಗುತ್ತೆ.

ಆಟೋ_ಅಣ್ಣ_ಕೆ.ಆರ್.ಮೊಹಲ್ಲಾ
ಅಷ್ಟು ಬೆಳಿಗ್ಗೆ ಸಯ್ಯಾಜಿರಾವ್ ರಸ್ತೆ ಕಡೆಯಿಂದ ಬಾಗಿಲ ಹತ್ತಿರವೇ ಇಳಿಸಬಹುದು. ಹತ್ತರ ಮೇಲೆ ಅಲ್ಲಿ ನಿಲ್ಲಿಸೋಕೆ ಬಿಡಲ್ಲ.

ಕುವೆಂಪುನಗರದ_ಮಗಳು
(ಹನ್ನೆರಡು ದಿನದ ನಂತರ)
ಏನಾಯಿತು ಅಂತ ವರದಿ ಕೊಡುತ್ತಿದ್ದೇನೆ. ಅತ್ತೆ ನಿನ್ನೆ ವಾಪಸ್ ಹೋದರು.

ಮಾರುಕಟ್ಟೆ. ಏಳೂವರೆಗೆ ಹೋದೆವು. ಬಾಡಿಗೆಯ ವೀಲ್‌ಚೇರ್ ಮೇಲೆ ಚೀಲ, ಶಾಲು, ಫ್ಲಾಸ್ಕ್ ಇಟ್ಟು ಸೊಸೆ ಅವರ ಉಪಾಯ ಮಾಡಿದೆ. ಅತ್ತೆ ನನ್ನ ಮುಖ ನೋಡಿ "ನಂಗೆ ಗೊತ್ತಾಗಲ್ಲ ಅಂದ್ಕೊಂಡಾ?" ಅಂದರು. ಆದರೂ ತಳ್ಳಿದರು. ಬಾಗಿಲು ದಾಟುತ್ತಲೇ ತಾವೇ ಚೀಲ ತೆಗೆದು ನನ್ನ ಕೈಗೆ ಕೊಟ್ಟು ಕೂತರು. ಅದೇ ಒಳ್ಳೆಯದಾಯಿತು. ಕೂತರೆ ಅವರ ಕಣ್ಣು ಸರಿಯಾಗಿ ಹೂವಿನ ಕಟ್ಟೆಯ ಮಟ್ಟಕ್ಕೆ ಬರುತ್ತೆ. ನಿಂತ ನಾವು ಬಗ್ಗಿ ನೋಡುತ್ತಿದ್ದೆವು, ಅವರು ನೇರ ಬುಟ್ಟಿಯೊಳಗೆ ಕೈ ಹಾಕುತ್ತಿದ್ದರು.

ಹೂವಿನವನು ಕಾಕಡ ಮೊಳ ಅಳೆದ. ಅತ್ತೆ ಸುಮ್ಮನೆ ನೋಡುತ್ತಿದ್ದು, ಮೂರನೇ ಮೊಳಕ್ಕೆ ಅವನ ಕೈ ಹಿಡಿದರು. "ನಿನ್ ಮೊಳ ಬ್ಯಾಡ ಕಣಪ್ಪ, ನನ್ ಮೊಳ ಹಾಕು." ತಮ್ಮ ಮೊಣಕೈ ಊರಿ, ಬೆರಳ ತುದಿವರೆಗೆ ಎಳೆದು ಅಳೆದರು. ಅವನ ಮೂರು ಮೊಳ ಇವರಿಗೆ ಎರಡೂಮುಕ್ಕಾಲು ಆಯಿತು. ಅವನು ನಕ್ಕು ಒಂದು ಮೊಳ ಮೇಲೆ ಹಾಕಿದ. ವೀಳ್ಯದೆಲೆ ಅಂಗಡಿಯಲ್ಲೂ ಇದೇ ಕಥೆ, ಕಟ್ಟು ಬಿಚ್ಚಿಸಿ ಒಳಗಿನ ಎಲೆ ನೋಡಿದರು. ಮುಕ್ಕಾಲು ಗಂಟೆ. ಅಷ್ಟರಲ್ಲಿ ನಮ್ಮಮ್ಮ ಮೂರು ಸಲ "ಅತ್ತಿಗೆ, ಸಾಕು ನಡೀರಿ" ಅಂದರು, ಮೂರು ಸಲವೂ ಬೈಸಿಕೊಂಡರು.

ಅದೇ ದಿನ ಮಧ್ಯಾಹ್ನ ಬೇರೇನೂ ಇಟ್ಟುಕೊಳ್ಳಲಿಲ್ಲ. ಇಬ್ಬರೂ ಹಾಲ್‌ನಲ್ಲಿ ಕಾಲು ಚಾಚಿ ಹೂವು ಕಟ್ಟಿದರು.

ಎರಡನೇ ದಿನ ಮೃಗಾಲಯ. ಮಂಗಳವಾರ. ಏನೂ ಮಾತಾಡಬೇಡಿ.

ಒಂಟಿಕೊಪ್ಪಲು_ಹುಡುಗ
ಮಾತಾಡ್ತಿಲ್ಲ. ಮೊದಲನೇ ದಿನವೇ ಬರೆದಿದ್ದೆ ಅಂತಲೂ ಹೇಳಲ್ಲ.

ಕುವೆಂಪುನಗರದ_ಮಗಳು
ಗೇಟಿನ ಮುಂದೆ ನಿಂತು ಅಲ್ಲಿಂದ ಸೀದಾ ರೈಲ್ವೆ ಮ್ಯೂಸಿಯಂ ಅಂತ ಹೊರಟೆ. ಅತ್ತೆಗೆ ಸಾಕಾಗಿತ್ತು, ವಾಪಸ್ ಬಂದೆವು. ಅರಮನೆ ಬೇಡ ಅಂದರು, ನೋಡಿದ್ದೇ ಅಲ್ವಾ ಅಂತ. ಬ್ಯಾಗಿನಲ್ಲಿ ಹೊಸ ಕಾಲುಚೀಲ ಹಾಗೇ ಇದೆ. ಅಮ್ಮನ ಕೋಲು ಮಾತ್ರ ಕೈ ಬದಲಾಯಿತು, ರಬ್ಬರೂ ಹೊಸದು. "ಹತ್ತು ವರ್ಷದಿಂದ ಯಾರೂ ಹೇಳಲಿಲ್ವಲ್ಲ" ಅಂತ ದಿನಾ ಬೈಯುತ್ತಿದ್ದಾರೆ, ಯಾರಿಗೆ ಅಂತ ಗೊತ್ತಿಲ್ಲ.

ಮೂರನೇ ದಿನ ಕೊಕ್ಕರೆಬೆಳ್ಳೂರು. ಕಾರು ಒಂದು ಮನೆಯ ಮುಂದೆ ನಿಲ್ಲಿಸಿದೆವು. ಮರದ ತುಂಬ ಹೆಜ್ಜಾರ್ಲೆ. ಕಡ್ಡಿ ಕಚ್ಚಿಕೊಂಡು ಬಂದು ಕೂರುವಾಗ ಕೊಂಬೆ ಬಾಗುತ್ತೆ, ಪಕ್ಕದವು ಜಗಳಕ್ಕೆ ಬರುತ್ತವೆ. ಅತ್ತೆ ಕಿಟಕಿ ಇಳಿಸಿಕೊಂಡು ಒಂದು ಗಂಟೆ ಕೂತಿದ್ದರು. ಆ ಮನೆಯ ಹೆಂಗಸು ಹೊರಗೆ ಬಂದು ಮಾತಾಡಿಸಿದರು. ಬಾಣಂತನದ ಮಾತು ಅವರೇ ಎತ್ತಿದರು. ಅಮ್ಮನಿಗೆ ಬಾತ್‌ರೂಮಿಗೂ ಅಲ್ಲೇ ಬಿಟ್ಟರು, ಕಮೋಡ್ ಇತ್ತು! ಅತ್ತೆ ಮಾರುಕಟ್ಟೆಯಿಂದ ತಂದ ಹೂವಿನಲ್ಲಿ ಉಳಿದಿದ್ದ ಒಂದು ಮೊಳ ಅವರಿಗೆ ಕೊಟ್ಟರು. ತಮ್ಮ ಮೊಳ.

ಮಂಡ್ಯದ_ಬೆಲ್ಲ
ಕಾರು ಏನು ಬಣ್ಣ?

ಕುವೆಂಪುನಗರದ_ಮಗಳು
ಕೆಂಪು. ಇತ್ತು.

ಫಿಸಿಯೋ_ಅಕ್ಕ
ಕಾಲು ಊದಿತ್ತಾ?

ಕುವೆಂಪುನಗರದ_ಮಗಳು
ಇಲ್ಲ ಅಕ್ಕ. ಚಪ್ಪಲಿ ತಾವೇ ಕಳಚಿದರು.

ಬೆಂಗಳೂರಿಂದ_ವಾಪಸ್_ಬಂದ_ಸೊಸೆ
ವೀಲ್‌ಚೇರ್ ವಾಪಸ್ ಕೊಟ್ರಾ?

ಕುವೆಂಪುನಗರದ_ಮಗಳು
ಇವತ್ತು ಕೊಡಬೇಕಿತ್ತು. ಬೆಳಿಗ್ಗೆ ಅತ್ತೆ ಫೋನ್ ಮಾಡಿ "ಆ ಗಾಡಿ ಇರಲಿ, ಮಲ್ಲಿಗೆ ಕಾಲಕ್ಕೆ ಬತ್ತೀನಿ" ಅಂದರು. ಈಗ ಬಾಡಿಗೆ ಲೆಕ್ಕ ಹಾಕುತ್ತಾ ಕೂತಿದ್ದೇನೆ, ಕೊಂಡುಬಿಡುವುದೇ ಅಗ್ಗವೇನೋ. ಹಳೆಯದು ಯಾರ ಹತ್ತಿರವಾದರೂ ಇದೆಯಾ?

ಜಯಲಕ್ಷ್ಮೀಪುರಂ_ಜಗ್ಗಿ
ನಮ್ಮ ಮಾಳಿಗೆಯಲ್ಲಿ ಒಂದಿದೆ, ಮುಂದಿನ ಚಕ್ರ ಸ್ವಲ್ಪ ಕಿರುಗುಟ್ಟುತ್ತೆ. ಬಂದು ತಗೊಂಡು ಹೋಗಿ. ದುಡ್ಡು ಬೇಡ, ಮೈಲಾರಿ ದೋಸೆ ಕೊಡಿಸಿ.

ಬೋಗಾದಿ_ಬೈಕರ್
ಯಾವ ಮೈಲಾರಿ?